ಸ್ಟೂಲಿನ ಪಕ್ಕ ನಿಲ್ಲದ ಕುದುರೆ

ಬೆಕ್ಕೊಂದು ಕುದುರೆಯ ಗೊರಸು ನೆಕ್ಕುತ್ತಿತ್ತು.

ಸ್ವಲ್ಪ ಹೊತ್ತಿಗೆ ಇನ್ನೊಂದು ಬಂತು. ಕುದುರೆ ಕಾಲು ಜಾಡಿಸಿದಾಗ ಎರಡೂ ಬಚ್ಚಲ ಕಟ್ಟೆಯವರೆಗೆ ಓಡಿದವು. ಅದು ಸುಮ್ಮನಾದ ಮೇಲೆ ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ಮತ್ತೆ ಹತ್ತಿರ ಸರಿದವು.

ಸುಂಕಸಾಳದ ಹೆದ್ದಾರಿ ಬದಿಯ ಖಾನಾವಳಿಯ ಹಿತ್ತಲಲ್ಲಿ ನಿಂತು ಪ್ರಗತಿ ಇದನ್ನೇ ನೋಡುತ್ತಿದ್ದಳು. ಮುಂಭಾಗದಲ್ಲಿ ಘಟ್ಟ ಇಳಿದು ಬಂದ ಲಾರಿಗಳು ನಿಂತಿದ್ದವು. ಒಳಗಿನಿಂದ ಒಗ್ಗರಣೆಯ ಘಾಟು ಬರುತ್ತಿತ್ತು.

"ಈರಮ್ಮಕ್ಕ, ಈ ಬೆಕ್ಕು ನಿಮ್ಮವಾ?"

"ಯಾರವೋ ಏನೋ. ಈಗೀಗ ಇಲ್ಲೇ ಬಿಡಾರ ಹೂಡಿದ್ದಾವೆ." ಖಾನಾವಳಿಯ ಒಡತಿ ಈರಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು. "ಬೋರ್ಡಿನ ಮೇಲೆ ಶುದ್ಧ ಸಸ್ಯಾಹಾರಿ ಅಂತ ಬರೆಸಿದ್ದೆ. ಗಿರಾಕಿ ಬೆಕ್ಕಿನ ಹಿಂಡು ನೋಡಿ, ಒಳಗೆ ಎಂತದೋ ಬೇಯ್ತದೆ ಅಂತ ಅನುಮಾನ ಪಡ್ತಾರೆ."

"ನೀವು ಮೀನು ತಿನ್ನೂದಿಲ್ವಾ?"

"ತಿನ್ನದೇ ಏನು? ನಾ ತಿನ್ನೂದು ಮನೆಲಿ. ಬೋರ್ಡು ತಿನ್ನೂದಿಲ್ಲ, ಅಷ್ಟೇ."

ಪ್ರಗತಿಗೆ ನಗು ಬಂದರೂ ನಗಲಿಲ್ಲ. ಈ ಕುದುರೆ ತನ್ನ ಚಂದ್ರಿಯೇ ಅಲ್ಲ, ತನ್ನದನ್ನು ಪ್ರಗತಿ ಎಲ್ಲಿಗೋ ಸಾಗಹಾಕಿದ್ದಾಳೆ ಎಂದು, ಅವಳ ಮೂಲಕ ಚಂದ್ರಿಯನ್ನು ಈರಮ್ಮನಿಗೆ ಸಾಕಲು ಕೊಟ್ಟಿದ್ದ ಚಿತ್ತಾಕುಲದ ಮುದುಕ ಕುಪ್ಪ ಠಾಣೆಗೆ ದೂರು ಕೊಟ್ಟಿದ್ದ. ಸೋಮವಾರ ನಿಜವಾದ ಚಂದ್ರಿಯನ್ನು ತೋರಿಸದಿದ್ದರೆ ಕುದುರೆ ಕಳವಿನ ಕೇಸು ಅವಳ ಹೆಸರಿಗೇ ಬೀಳುತ್ತಿತ್ತು.

ಕೇಸು ಬಿದ್ದರೆ 'ಹೊಸ ಲಾಯ' ಉಳಿಯುವುದಿಲ್ಲ. ಕಾರವಾರದ ಕೋಡಿಬಾಗದ ಮನೆಯ ಜಗುಲಿಯಲ್ಲಿ ಒಂದು ಫೋನು, ಒಂದು ಹಳೆ ಲ್ಯಾಪ್‌ಟಾಪು ಇಟ್ಟುಕೊಂಡು ಅವಳು ನಡೆಸುತ್ತಿದ್ದ ಪೇಜು ಅದು. ಕಡಲದಂಡೆಯಲ್ಲಿ ಮಕ್ಕಳನ್ನು ಹೊತ್ತು ದಣಿದ ಕುದುರೆ, ದಿಬ್ಬಣಕ್ಕೆ ಬೇಡವಾದ ಕುದುರೆ, ರೇಸಿನಲ್ಲಿ ಹಿಂದೆ ಬಿದ್ದ ಕುದುರೆ, ಇಂಥವುಗಳ ಫೋಟೊ ಹಾಕಿ, ಸಾಕುವ ಮನಸ್ಸೂ ಜಾಗವೂ ಇದ್ದವರನ್ನು ಹುಡುಕಿ ಜೊತೆ ಮಾಡಿಸುವುದು ಅವಳ ಕೆಲಸ. ಹಳೆಯ ಯಜಮಾನನೂ ಹೊಸಬರೂ ಕುದುರೆಯೊಂದಿಗೆ ಒಂದು ಹಗಲು ಕಳೆಯಬೇಕು. ಪ್ರತಿ ಭಾನುವಾರ ಅದರ ವಿಡಿಯೊ ಬರಬೇಕು. ಅದನ್ನು ಯಾರೂ ಬಾಡಿಗೆಗೆ ಬಿಡಕೂಡದು. ಅವಳ ಬಳಿ ಬಂಡವಾಳವೆಂದು ಇದ್ದದ್ದು ಜನ ಅವಳ ಮಾತಿನ ಮೇಲೆ ಇಟ್ಟ ನಂಬಿಕೆ ಒಂದೇ.

ಅವಳು ಕುದುರೆಯ ಕೊರಳಿಗೆ ಕೈಹಾಕಿದಳು. ನೀಲಿ ಕ್ಯಾನ್ವಾಸಿನ ಪಟ್ಟಿ. ಹೊಸ ಮನೆಗೆ ಹೊರಟ ಪ್ರತಿ ಕುದುರೆಗೂ ಅವಳು ಹೆಸರು ಹೊಲಿಸಿ ಕಟ್ಟುವಂಥದ್ದು. ಬಿಳಿ ನೂಲಿನಲ್ಲಿ 'ಚಂದ್ರಿ' ಎಂದು ಸರಿಯಾಗಿಯೇ ಇತ್ತು. ಕುದುರೆ ಸತ್ತರೆ ಪಟ್ಟಿ ಅವಳಿಗೆ ವಾಪಸು ಬರುವ ರೂಢಿ. ಬಾರದೆ ಉಳಿದದ್ದು ಒಂದೇ. ಬೇಲೇಕೇರಿಯ ರೋಷನ ತನ್ನ ಮೋತಿ ಕಳೆದ ಮಳೆಗಾಲದಲ್ಲಿ ಹೊಟ್ಟೆನೋವು ಬಂದು ಸತ್ತಾಗ, ಪಟ್ಟಿಯ ಸಮೇತ ಹೂತೆನೆಂದಿದ್ದ. ಪ್ರಗತಿ ಹೋಗಿ ಆ ಮಣ್ಣಿನ ದಿಬ್ಬದ ಮೇಲೆ ಅಬ್ಬಲಿಗೆ ದಂಡೆ ಇಟ್ಟು ಬಂದಿದ್ದಳು.

ಪಟ್ಟಿ ಸರಿಯಿತ್ತು. ಹಣೆಯ ಬಿಳಿ ಚುಕ್ಕೆ, ಕಂದು ಮೈ, ಎತ್ತರ, ಎಲ್ಲವೂ ಸರಿಯಿತ್ತು.

ಬೆಕ್ಕು ಮಾತ್ರ ಸರಿಯಿರಲಿಲ್ಲ.

ಅವಳು ಕೂತು ಗೊರಸಿನ ಮೇಲೆ ಬೆರಳಾಡಿಸಿ ಮೂಸಿದಳು. ದೋಣಿಯ ಮನೆಯಲ್ಲಿ ಹುಟ್ಟಿದವಳಿಗೆ ಆ ವಾಸನೆಯನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ತಾರ್ಲೆ ಮೀನಿನ ಎಣ್ಣೆ. ಉಪ್ಪುನೀರಿಗೆ ಮರ ಕೊಳೆಯದಿರಲಿ ಎಂದು ಅವಳ ಅಪ್ಪ ದೋಣಿಗೆ ಹಚ್ಚುತ್ತಿದ್ದುದು ಅದನ್ನೇ. ಕುಪ್ಪನೂ ಮೀನುಗಾರನೇ. ಬಲೆ ಎಳೆಯಲು ತೋಳು ಸೋತ ಮೇಲೆ ಕುದುರೆ ಕೊಂಡು ಕಾರವಾರದ ಕಡಲದಂಡೆಗೆ ಇಳಿದವ. ದೋಣಿಯನ್ನು ಕಾಯುವ ಎಣ್ಣೆ ಗೊರಸನ್ನೂ ಕಾಯುತ್ತದೆಂದು ಚಂದ್ರಿಯ ಕಾಲಿಗೆ ಅದನ್ನೇ ಬಳಿಯುತ್ತಿದ್ದ. ಕುದುರೆ ಸಾಕಿದ ಬೇರೆ ಯಾರೂ ಹಾಗೆ ಮಾಡಿದ್ದನ್ನು ಪ್ರಗತಿ ಕಂಡಿರಲಿಲ್ಲ.

ಹಾಗಾದರೆ ಇದು ಚಂದ್ರಿಯೇ ಅಲ್ಲವೆ? ಅವಳ ಎದೆ ಒಂದು ಗಳಿಗೆ ಹಗುರಾಯಿತು.

"ಈ ಎಣ್ಣೆ ಹಚ್ಚೂದು ನೀವಾ ಅಕ್ಕ?"

"ನಾನಾ? ದೇವರೇ." ಈರಮ್ಮ ಮೂಗು ಮುಚ್ಚಿಕೊಂಡಳು. "ಇದು ಬಂದ ಹೊಸದರಲ್ಲಿ ಆ ಮುದುಕ ಒಂದು ಶೀಸೆ ಕೊಟ್ಟು, ಮರೀದೆ ಹಚ್ಚು ಅಂದಿದ್ದ. ಹೂಂ ಅಂದೆ. ಅವ ಬಸ್ಸು ಹತ್ತಿದ ಮರುದಿನವೇ ಅಂಟುವಾಳ ಹಾಕಿ ನಾಲ್ಕೂ ಗೊರಸು ತಿಕ್ಕಿ ತೊಳೆದೆ. ಆಮೇಲೆ ನಂದು ತೆಂಗಿನೆಣ್ಣೆಯೇ. ಬೆಕ್ಕೂ ಹೋಯ್ತು, ನಾತವೂ ಹೋಯ್ತು."

"ಮತ್ತೆ ಈಗ?"

"ಈಗ ಮತ್ತೆ ಬಂತು. ಲಾಳ ಹೊಡೆಸಲಿಕ್ಕೆ ಅಂತ ನಿಮ್ಮ ಗಾಡಿಯವ ಅಂಕೋಲೆಗೆ ಕರ್ಕೊಂಡು ಹೋದ್ನಲ್ಲ, ಅಲ್ಲಿಂದ ಬಂದಾಗಿಂದ. ಲಾಳದವನೇ ಬಳಿದು ಕಳಿಸಿರಬೇಕು ಅಂದ್ಕೊಂಡೆ. ತೊಳೀಲಿಕ್ಕೆ ಹೋದ್ರೆ ಒದೆಯೂದಕ್ಕೇ ಬತ್ತದೆ. ಮೊದಲು ಹಾಗಿರ್ಲಿಲ್ಲ."

ಪ್ರಗತಿ ಎದ್ದು ನಿಂತಳು. ಹಗುರಾಗಿದ್ದ ಎದೆ ಮತ್ತೆ ಭಾರವಾಯಿತು.

"ಅಕ್ಕ, ಒಳಗಿಂದ ಒಂದು ಪ್ಲಾಸ್ಟಿಕ್ ಸ್ಟೂಲು ಕೊಡಿ."

ಈರಮ್ಮ ಗಿರಾಕಿಯೊಬ್ಬನನ್ನು ಎಬ್ಬಿಸಿ ಬೆಂಚಿಗೆ ಕಳಿಸಿ, ಕೆಂಪು ಸ್ಟೂಲು ತಂದಳು. ಪ್ರಗತಿ ಕುದುರೆಯ ಹಗ್ಗ ಬಿಚ್ಚಿ, ಹಿತ್ತಲ ನಡುವೆ ಸ್ಟೂಲಿಟ್ಟು ದೂರ ಸರಿದಳು.

ಕಡಲದಂಡೆಯಲ್ಲಿ ಕುಪ್ಪನ ಪದ್ಧತಿಯೇ ಅದು. ಮರಳಲ್ಲಿ ಸ್ಟೂಲಿಡುತ್ತಿದ್ದ, ಚಂದ್ರಿ ತಾನಾಗಿ ಬಂದು ಎಡಮಗ್ಗುಲು ಅದಕ್ಕೆ ತಾಗುವಂತೆ ನಿಲ್ಲುತ್ತಿತ್ತು. ಮಗು ಸ್ಟೂಲು ಹತ್ತಿ ಬೆನ್ನೇರುವವರೆಗೆ ಕಿವಿ ಸಹ ಅಲುಗುತ್ತಿರಲಿಲ್ಲ. ಅವನು ಅದನ್ನು ಕಲಿಸಿದ್ದಲ್ಲ. ದಿನವೂ ಅದೇ ಕೆಲಸ ಮಾಡಿ ಮಾಡಿ ಅದರ ಮೈಗೆ ಬಂದದ್ದು.

ಈ ಕುದುರೆ ಸ್ಟೂಲನ್ನು ಮೂಸಿತು. ಮೂತಿಯಿಂದ ತಳ್ಳಿ ಬೀಳಿಸಿತು. ಬೇಲಿಯ ಕಡೆ ನಡೆದು ಹುಲ್ಲಿಗೆ ಬಾಯಿ ಹಾಕಿತು.

ಈರಮ್ಮ ಬಿದ್ದ ಸ್ಟೂಲನ್ನು ಎತ್ತಿ ನಿಲ್ಲಿಸಿದಳು.

"ನಾ ಇಲ್ಲಿ ಸ್ಟೂಲಿನ ಮೇಲೆ ಕೂತು ಬೀನ್ಸು ಮುರೀತಿದ್ರೆ ಬಂದು ಪಕ್ಕಕ್ಕೆ ನಿಲ್ತಿತ್ತು," ಎಂದಳು. "ಲಾಳ ಹೊಡೆಸಿ ಬಂದ ಮೇಲೆ ಬಿಟ್ಟುಬಿಡ್ತು. ಒಂದಿನ ಬೈದಿದ್ದೆ, ಅದಕ್ಕೇ ಸಿಟ್ಟು ಮಾಡ್ಕೊಂಡದೆ ಅಂದ್ಕೊಂಡೆ. ದಿನಾ ಬೆಲ್ಲ ಕೊಟ್ಟು ರಮಿಸ್ತಿದ್ದೆ ತಂಗಿ. ಹಾಗಾದ್ರೆ ಇಷ್ಟು ದಿನ ನಾ ಬೆಲ್ಲ ತಿನ್ನಿಸಿದ್ದು ಯಾರಿಗೆ?"

ಈರಮ್ಮನ ಅಪ್ಪ ಅಂಕೋಲೆಯಲ್ಲಿ ಜಟಕಾ ಹೊಡೆಯುತ್ತಿದ್ದವ. ಕುದುರೆ ಬೇಕೆಂದು ಪೇಜಿಗೆ ಸಂದೇಶ ಕಳಿಸಿದಾಗ ಅವಳು ಬರೆಸಿದ್ದು ಅದೊಂದೇ ಕಾರಣ.

"ಇದಕ್ಕೂ ಕೊಡ್ತಾ ಇರಿ ಅಕ್ಕ," ಎಂದಳು ಪ್ರಗತಿ. "ತಪ್ಪು ಇದರದ್ದಲ್ಲ. ಯಾರು ಕೇಳಿದ್ರೂ ಚಂದ್ರಿ ಇಲ್ಲೇ ಅದೆ ಅನ್ನಿ. ನಾ ಅಂಕೋಲೆಗೆ ಹೋಗಿ ಬರ್ತೆ."

*

ಬಸ್ಸಿನ ಕಿಟಕಿಗೆ ತಲೆಯಾನಿಸಿ ಅವಳು ಒಂದೇ ವಿಷಯವನ್ನು ತಿರುವಿ ಹಾಕುತ್ತ ಬಂದಳು.

ಕುದುರೆ ಬದಲಾಯಿಸಿದವ ಪಟ್ಟಿಯನ್ನೂ ಬದಲಾಯಿಸಿದ. ಹಣೆಯ ಚುಕ್ಕೆ ಹೊಂದುವಂಥದ್ದನ್ನು ಹುಡುಕಿದ. ಎಲ್ಲ ಪಕ್ಕಾ ಇರಲಿ ಎಂದು ಗೊರಸಿಗೆ ಮೀನೆಣ್ಣೆ ಬಳಿದ. ಆದರೆ ಚಂದ್ರಿ ಮೀನೆಣ್ಣೆ ಬಿಟ್ಟು ತೆಂಗಿನೆಣ್ಣೆಗೆ ಬಂದದ್ದು ಅವನಿಗೆ ತಿಳಿದಿರಲಿಲ್ಲ. ಅಂದರೆ ಅವನ ಮನಸ್ಸಲ್ಲಿ ಇದ್ದದ್ದು ಕುಪ್ಪನ ಮನೆಯ ಚಂದ್ರಿ. ಆ ಮನೆಯಿಂದ ಅದನ್ನು ಗಾಡಿಗೆ ಹತ್ತಿಸಿದವನು, ಭಾನುವಾರ ಭಾನುವಾರ ಬಂದು ದೂರದಿಂದ ವಿಡಿಯೊ ತೆಗೆದು ಹೋಗುವವನು.

ರೂಪೇಶ ಅಂಕೋಲೆಯ ಹೊರಗೆ, ಹಳ್ಳದ ದಡದಲ್ಲಿ ತನ್ನ ಪಿಕಪ್ ತೊಳೆಯುತ್ತಿದ್ದ. 'ಹೊಸ ಲಾಯ' ಶುರುವಾದಾಗಿನಿಂದ ಅವಳ ಕುದುರೆಗಳನ್ನು ಸಾಗಿಸಿದ್ದು ಆ ಗಾಡಿಯೇ. ಪ್ಯಾಂಟು ಮೊಣಕಾಲಿನವರೆಗೆ ಮಡಿಚಿ, ಹಾಡು ಗುನುಗುತ್ತಿದ್ದ.

"ಬಂದ್ರಾ ಅಕ್ಕ. ಒಂದು ಫೋನ್ ಮಾಡಿದ್ರೆ ನಾನೇ ಬರ್ತಿದ್ದೆ. ಮುದುಕ ಸಮಾಧಾನ ಆದ್ನಾ?"

"ಆಗ್ತಾನೆ. ಕುದುರೆ ನೋಡಿ ಬಂದೆ."

"ಆರಾಮ ಅದೆಯಲ್ಲ?"

"ಆರಾಮ ಅದೆ. ಅದರ ಹೆಸರೇನು?"

ಅವನ ಕೈಯ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಎಂತ ಹೆಸರು? ಚಂದ್ರಿ ಅಲ್ದಾ."

ಪ್ರಗತಿ ಕ್ಯಾಬಿನ್ನಿನ ಬಾಗಿಲು ತೆರೆದು ಸೀಟಿನ ಅಡಿಗೆ ಕೈ ಹಾಕಿದಳು. ಹಗ್ಗ, ಜಾಕು, ಹರಕು ಟವಲು. ಅದರ ಹಿಂದೆ ಒಂದು ಪ್ಲಾಸ್ಟಿಕ್ ಡಬ್ಬಿ. ಮುಚ್ಚಳ ತಿರುಗಿಸಿದರೆ ಇಡೀ ಗಾಡಿಯಲ್ಲಿ ದೋಣಿಯ ವಾಸನೆ.

"ದೋಣಿ ಯಾವಾಗ ತಗೊಂಡೆ ರೂಪೇಶ?"

"ಅದು... ಯಾರೋ ಇಟ್ಟದ್ದು."

"ಇಟ್ಟವರಿಗೆ ಹೇಳು, ಈರಮ್ಮಕ್ಕ ಮೀನೆಣ್ಣೆ ತೊಳೆದು ತೆಂಗಿನೆಣ್ಣೆ ಹಚ್ಚಿ ಎಷ್ಟೋ ಕಾಲ ಆಯ್ತು ಅಂತ. ನಕಲು ಮಾಡೂದಾದ್ರೆ ಈಗಿನದ್ದನ್ನ ಮಾಡಬೇಕಿತ್ತು. ನೀನು ಹಳೇದನ್ನ ಮಾಡಿದೆ."

ಅವನು ಗಾಡಿಯ ಚಕ್ರಕ್ಕೆ ಬೆನ್ನು ಕೊಟ್ಟು ಕೂತುಬಿಟ್ಟ. ಹಳ್ಳದ ಆಚೆ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಇತ್ತ ನೋಡಿ ಮತ್ತೆ ಕೆಲಸಕ್ಕೆ ತೊಡಗಿದರು.

"ಮಾರಿದೆಯಾ?"

"ಇಲ್ಲಕ್ಕ. ದೇವರಾಣೆ ಮಾರಲಿಲ್ಲ."

"ದೇವರನ್ನ ಬಿಡು. ಚಂದ್ರಿ ಎಲ್ಲಿ?"

"ನಂಗೇ ಗೊತ್ತಿಲ್ಲ."

ಪ್ರಗತಿ ಅವನೆದುರು ಬಂಡೆಯ ಮೇಲೆ ಕೂತಳು. ಕೂಗಾಡಿದರೆ ಅವನು ಬಾಯಿ ಮುಚ್ಚಿಕೊಳ್ಳುತ್ತಾನೆಂದು ಅವಳಿಗೆ ಗೊತ್ತಿತ್ತು. "ಶುರುವಿಂದ ಹೇಳು. ಸುಳ್ಳು ಹೇಳಿದ್ರೆ ಎದ್ದು ಠಾಣೆಗೆ ಹೋಗ್ತೆ. ನಿಜ ಹೇಳಿದ್ರೆ ಇಲ್ಲೇ ಕೂತಿರ್ತೆ."

ಅವನು ಬಟ್ಟೆ ಹಿಂಡುತ್ತ ಹೇಳಿದ.

ಬೇಲೇಕೇರಿಯ ರೋಷನನ ತಮ್ಮನ ಮದುವೆ. ಮದುಮಗ ಕುದುರೆ ಮೇಲೆ ಬರಬೇಕೆಂದು ಮನೆಯವರ ಹಟ. ಲಾಳ ಹೊಡೆಯುವ ಕಿಶನನ ಹತ್ತಿರ ಒಂದು ಹೆಣ್ಣುಗುದುರೆಯಿತ್ತು, ಅದನ್ನೇ ಗೊತ್ತು ಮಾಡಿದರು. ಆದರೆ ಬ್ಯಾಂಡಿನವರು ಒಂದು ಪೆಟ್ಟು ಹೊಡೆದದ್ದೇ ತಡ, ಅದು ಚಪ್ಪರದ ಕಂಬ ಕಿತ್ತುಕೊಂಡು ಓಡಿತು.

"ಆಗ ರೋಷನ ನನ್ನ ಕರೆದ. ಪೇಜಲ್ಲಿ ಚಂದ್ರಿ ಬಗ್ಗೆ ನೀವೇ ಬರೆದಿದ್ರಲ್ಲ, ಪಟಾಕಿ, ಮೈಕು, ಅಲೆ, ಯಾವುದಕ್ಕೂ ಬೆದರೂದಿಲ್ಲ ಅಂತ. ಅದೇ ಬೇಕು, ಒಂದು ಸಂಜೆಗೆ ಮಾತ್ರ ಅಂದ. ನಿಮ್ಮನ್ನ ಕೇಳಿದ್ರೆ ಕೊಡ್ತಿದ್ರಾ?"

"ಇಲ್ಲ."

"ಅದಕ್ಕೇ ಕೇಳಲಿಲ್ಲ. ಕಿಶನನ ಕುದುರೆ ನೋಡಲಿಕ್ಕೆ ಚಂದ್ರಿ ಹಾಂಗೇ ಇತ್ತು. ಲಾಳದ ನೆವ ಹೇಳಿ ಚಂದ್ರಿ ತಂದೆ. ಈರಮ್ಮಕ್ಕ ಹುಡುಕಬಾರದಲ್ಲ, ಅದಕ್ಕೆ ಅದನ್ನ ಅಲ್ಲಿ ಬಿಟ್ಟೆ. ಮರುದಿನ ತಿರುಗಿ ಅದಲುಬದಲು ಮಾಡೂದು, ಯಾರಿಗೂ ಗೊತ್ತಾಗೂದಿಲ್ಲ ಅಂದ್ಕೊಂಡೆ."

"ಮರುದಿನ?"

"ಚಂದ್ರಿಯೂ ಬರಲಿಲ್ಲ, ದಿಬ್ಬಣದಲ್ಲಿ ಅದನ್ನ ನಡೆಸಲಿಕ್ಕೆ ಹೋದ ಕಿಶನನೂ ಬರಲಿಲ್ಲ. ದಿಬ್ಬಣ ಮುಗಿದ ಕೂಡ್ಲೇ ಕಿಶನ ಕುದುರೆ ಹತ್ತಿ ಹೊರಟ, ತಾನು ಒಳಗೆ ಊಟದ ಗಡಿಬಿಡಿಯಲ್ಲಿದ್ದೆ ಅಂತ ರೋಷನ ಹೇಳಿದ. ಕಿಶನನ ಫೋನು ಅವತ್ತಿಂದ ಬಂದ್. ಒಂಟಿ ಮನುಷ್ಯ, ಘಟ್ಟದ ಮೇಲೆ ಅಲ್ಲಿ ಇಲ್ಲಿ ತಿರುಗುವವ. ಒಳ್ಳೆ ಕುದುರೆ ಸಿಕ್ತು ಅಂತ ಓಡಿಹೋದ ಅಂದ್ಕೊಂಡೆ. ಒಂದು ಕಾಲು ಗಿಡ್ಡ ಅವನದ್ದು, ಟಯರಿನ ದಪ್ಪ ಅಟ್ಟೆ ಹಾಕಿದ ಚಪ್ಪಲಿ ಇಲ್ಲದೆ ನಡೀಲಿಕ್ಕಾಗೂದಿಲ್ಲ. ಅಂಥವ ಎಷ್ಟು ದೂರ ಹೋದಾನು, ನಾನೇ ಹುಡುಕಿ ತರ್ತೆ ಅಂತ ಸುಮ್ಮನಿದ್ದೆ. ನಿಮಗೆ ಮುಖ ತೋರಿಸುವ ಧೈರ್ಯ ಬರಲಿಲ್ಲ."

"ಧೈರ್ಯ ಬರಲಿಲ್ಲ. ಆದರೆ ಭಾನುವಾರ ವಿಡಿಯೊ ಕಳಿಸಲಿಕ್ಕೆ ಕೈ ಬಂತು."

ಅವನು ತಲೆ ತಗ್ಗಿಸಿದ.

"ಒಂದು ವಿಚಾರ ಮಾಡು," ಎಂದಳು ಪ್ರಗತಿ. "ಕಿಶನ ಕಳ್ಳ ಅಂತಲೇ ಇಟ್ಕೊ. ಚಂದ್ರಿ ತಗೊಂಡು ಓಡಿದ ಅಂತಲೇ ಇಟ್ಕೊ. ತನ್ನ ಸ್ವಂತ ಕುದುರೆ ಸುಂಕಸಾಳದಲ್ಲಿ ನಿಂತದೆ ಅಂತ ಅವನಿಗೆ ಗೊತ್ತಿಲ್ವಾ? ವಯಸ್ಸಾದ ಕುದುರೆಯ ಆಸೆಗೆ ಪ್ರಾಯದ ಕುದುರೆ ಬಿಟ್ಟು ಹೋಗುವ ಲಾಳದವ ಎಲ್ಲಿದ್ದಾನೆ?"

ಈ ಮಾತು ರೂಪೇಶನಿಗೆ ಇಷ್ಟು ದಿನ ಹೊಳೆದಿರಲಿಲ್ಲ ಎನ್ನುವುದು ಅವನ ಮುಖದಲ್ಲೇ ಇತ್ತು.

"ಅವನು ಓಡಿಹೋಗಲಿಲ್ಲ. ಬರಲಿಕ್ಕಾಗದ ಹಾಗೆ ಆಗಿದೆ."

ಇಷ್ಟು ಹೊತ್ತು ಅವಳು ಹುಡುಕಿದ್ದು ಒಂದು ಕುದುರೆಯನ್ನು. ಈಗ ಒಬ್ಬ ಮನುಷ್ಯನನ್ನೂ ಹುಡುಕಬೇಕಿತ್ತು.

ಅವಳು ಕೂತಲ್ಲೇ ಕೂತು ಹಳ್ಳದ ನೀರು ನೋಡಿದಳು. ಕುದುರೆಯನ್ನು ದಿನವೂ ಸಾಕಿದ ಈರಮ್ಮ ಮೋಸಹೋಗಿದ್ದಳು. ವಿಡಿಯೊ ನೋಡಿದ ಪ್ರಗತಿಯೂ ಮೋಸಹೋಗಿದ್ದಳು. ಕುಪ್ಪನೊಬ್ಬ ಮೋಸಹೋಗಲಿಲ್ಲ. ಕಣ್ಣಿಗೆ ಪೊರೆ ಬಂದು, ಎದುರಿಗೆ ಬಂದವರನ್ನು ದನಿಯಿಂದ ಗುರುತಿಸುವ ಕುಪ್ಪ. ಅಂಗೈಯಗಲದ ಫೋನಿನಲ್ಲಿ ನೋಡಿ, ಅದು ನಂದಲ್ಲ ಎಂದು ಅಷ್ಟು ಖಂಡಿತವಾಗಿ ಹೇಳಿದ್ದ. ಸಂಶಯ ಅಂತ ಅಂದಿರಲಿಲ್ಲ, ನಂದಲ್ಲ ಅಂದಿದ್ದ.

ಕಣ್ಣು ಕಾಣದವನಿಗೆ ಅಷ್ಟು ಖಾತ್ರಿ ಬರಲು ದಾರಿ ಒಂದೇ.

ಅವಳು ಎದ್ದಳು. "ಗಾಡಿ ಹತ್ತು."

"ಠಾಣೆಗಾ ಅಕ್ಕ?"

"ಚಿತ್ತಾಕುಲಕ್ಕೆ."

*

ಬಿಣಗಾ ಘಟ್ಟ ಇಳಿದು, ಕಾರವಾರ ದಾಟಿ, ಕಾಳಿ ಸೇತುವೆಗೆ ಬಂದಾಗ ಹೊತ್ತು ಇಳಿದಿತ್ತು. ಇದೇ ಸೇತುವೆಯ ಮೇಲೆ ಕುಪ್ಪ ಚಂದ್ರಿಯನ್ನು ದಿನವೂ ನಡೆಸಿಕೊಂಡು ಕಡಲದಂಡೆಗೆ ಹೋಗಿ ಬರುತ್ತಿದ್ದ. ಕಾರವಾರದ ದಂಡೆ ಸಿಕ್ಕಿದರೆ ಸಾಕು, ಮುಂದಿನ ದಾರಿ ಆ ಕುದುರೆಗೆ ಯಾರೂ ಹೇಳಬೇಕಿರಲಿಲ್ಲ.

ಕುಪ್ಪನ ಹೆಂಡತಿ ಮಾದೇವಿ ಅಂಗಳದಲ್ಲಿ ಒಣಮೀನು ಮೊಗಚಿ ಹಾಕುತ್ತಿದ್ದಳು. ಗಾಡಿಯಿಂದ ಇಳಿದವರನ್ನು ಕಂಡು ಅವಳ ಕೈ ನಿಂತಿತು. ಕಣ್ಣು ಮನೆಯ ಪಕ್ಕದ ಬಲೆಗುಡಿಸಲಿನ ಕಡೆ ಹೋಗಿ ತಿರುಗಿತು.

"ಮಾಮ ಇದ್ದಾರಾ ಮಾಮಿ?"

"ಇಲ್ಲ. ಪೇಟೆಗೆ ಹೋಗಿದ್ದಾರೆ. ಬರೂದು ತಡ."

"ಕಾಯ್ತೆ."

"ಕಾದು ಎಂತ ಮಾಡ್ತಿ? ಮಾತು ಏನಿದ್ರೂ ಠಾಣೆಲಿ ಆಡು ಬಾಯೆ. ನನ್ನ ಹತ್ರ ಏನದೆ?"

"ಏನೂ ಬೇಡ ಮಾಮಿ. ಸುಂಕಸಾಳದಿಂದ ಬಂದೆ, ಕಾಲು ನೋಯ್ತದೆ. ಸ್ವಲ್ಪ ಕೂತು ಹೋಗ್ತೆ."

ಮಾದೇವಿ ತುಟಿ ಬಿಗಿದಳು. ಆದರೆ ಕಾಲು ನೋಯುತ್ತದೆ ಎಂದು ಅಂಗಳದಲ್ಲಿ ನಿಂತ ಹೆಂಗಸನ್ನು, ಎಂಥ ಜಗಳವಿದ್ದರೂ, ನಿಲ್ಲಿಸಿಯೇ ಮಾತಾಡಿಸುವುದು ಅವಳಿಂದ ಆಗಲಿಲ್ಲ. ಗೊಣಗುತ್ತ ಒಳಗೆ ಹೋಗಿ, ಕೈಗೆ ಸಿಕ್ಕಿದ್ದನ್ನು ತಂದು ಅಂಗಳದ ನಡುವೆ ಇಟ್ಟಳು.

ನೀಲಿ ಬಣ್ಣದ ಪ್ಲಾಸ್ಟಿಕ್ ಸ್ಟೂಲು. ಕಾಲುಗಳು ಉಪ್ಪುನೀರು ಹೊಡೆದು ಬೆಳ್ಳಗಾಗಿದ್ದವು.

ಇಟ್ಟ ಮೇಲೆ ಮಾದೇವಿಗೆ ನೆನಪಾಯಿತು. ತಿರುಗಿ ಎತ್ತಿಕೊಳ್ಳಲು ಬಾಗಿದಳು. ಅಷ್ಟರಲ್ಲಿ ಬಲೆಗುಡಿಸಲಿನೊಳಗೆ ಏನೋ ಸರಿದಾಡಿತು. ಬಾಗಿಲಿಗೆ ಆನಿಸಿದ್ದ ತಟ್ಟಿ ಒಮ್ಮೆ ಅಲುಗಿ ಹೊರಕ್ಕೆ ಬಿತ್ತು.

ಕಂದು ಕುದುರೆಯೊಂದು ತಲೆ ಹೊರಹಾಕಿತು. ಬಲೆಯ ತುಂಡೊಂದು ಕಿವಿಗೆ ಸಿಕ್ಕಿಕೊಂಡಿತ್ತು. ಅದು ಯಾರನ್ನೂ ನೋಡದೆ, ಒಣಮೀನಿನ ಚಾಪೆಗಳನ್ನು ಬಳಸಿಕೊಂಡು ನಡೆದು ಬಂದು, ಎಡಮಗ್ಗುಲನ್ನು ಸ್ಟೂಲಿಗೆ ತಾಗಿಸಿ ನಿಂತಿತು. ಯಾರೋ ಹತ್ತಲಿ ಎಂದು ಕಾಯುತ್ತ ನಿಂತೇ ಇತ್ತು.

ರೂಪೇಶ ಮೂಗು ಒರೆಸಿಕೊಂಡ ಸದ್ದು ಕೇಳಿತು.

"ಒಂದು ಸ್ಟೂಲು ಕೊಟ್ಟು ಮನೆ ಮರ್ಯಾದೆ ತೆಗೆದೆಯಲ್ಲೆ," ಎಂದಿತು ಗುಡಿಸಲಿನ ಒಳಗಿನ ದನಿ.

ಕುಪ್ಪ ಗೋಡೆ ಹಿಡಿದುಕೊಂಡು ಹೊರಬಂದ. ಪೇಟೆಗೆ ಹೋದವನ ಮೈ ತುಂಬ ಹುಲ್ಲಿನ ಎಸಳಿದ್ದವು.

"ಇದು ಇಲ್ಲೇ ಇತ್ತು," ಎಂದಳು ಪ್ರಗತಿ. ಅವಳ ದನಿ ಏರಲಿಲ್ಲ. "ಇಟ್ಕೊಂಡು ನನ್ನ ಮೇಲೆ ದೂರು ಕೊಟ್ರಿ ಮಾಮ."

"ನಾ ಸುಳ್ಳು ದೂರು ಕೊಡಲಿಲ್ಲ. ಸುಂಕಸಾಳದ್ದು ನಂದಲ್ಲ ಅಂದೆ. ಹೌದಾ ಅಲ್ವಾ?"

"ಹೌದು."

"ಒಂದಿನ ಬೆಳಗಾ ಮುಂಚೆ ಬಾಗಿಲಲ್ಲಿ ನಿಂತಿತ್ತು. ಮೈಯೆಲ್ಲ ಬೆವರು, ಬೆನ್ನ ಮೇಲೆ ಮದುವೆ ಜೀನು. ನಿನಗೆ ಫೋನ್ ಮಾಡುವ ಅಂತಲೇ ಇದ್ದೆ. ಆ ಭಾನುವಾರ ಪಕ್ಕದ ಮನೆಯವರು ನಿನ್ನ ವಿಡಿಯೊದ ಕೆಳಗೆ ಬರೆದದ್ದನ್ನ ಓದಿ ಹೇಳಿದ್ರು. ಚಂದ್ರಿ ಸುಂಕಸಾಳದಲ್ಲಿ ಸುಖವಾಗಿ ಅದೆ ಅಂತ. ನನ್ನ ಕೈ ಇದರ ಬೆನ್ನ ಮೇಲಿತ್ತು ಆಗ." ಕುಪ್ಪ ಕುದುರೆಯ ಬೆನ್ನ ಮೇಲೆ ಕೈಯಿಟ್ಟ. "ಈಗ ನೀನೇ ಹೇಳು, ನಾ ನಿನ್ನನ್ನ ಹ್ಯಾಂಗೆ ನಂಬೂದು?"

"ಕುದುರೆ ಬಂತು ಅಂತ ಪೊಲೀಸರಿಗಾದ್ರೂ ಹೇಳಬಹುದಿತ್ತು."

"ಕುದುರೆ ಒಂದೇ ಬಂದಿದ್ರೆ ಹೇಳ್ತಿದ್ದೆ."

ಅವನು ಮಾದೇವಿಯ ಕಡೆ ಮುಖ ತಿರುಗಿಸಿದ. ಅವಳು ಬೇಡವೆಂದು ತಲೆಯಾಡಿಸಿದಳು, ಅದು ಅವನಿಗೆ ಕಾಣಲಿಲ್ಲ. "ತಾ," ಎಂದ.

ಮಾದೇವಿ ಗುಡಿಸಲಿಗೆ ಹೋಗಿ ಹಳೆ ಬಲೆಯ ರಾಶಿಯ ಅಡಿಯಿಂದ ಗೋಣಿಗಂಟೊಂದನ್ನು ತಂದು ಬಿಚ್ಚಿದಳು. ಜರಿ ಹೊದಿಸಿದ ಜೀನು. ಅದಕ್ಕೆ ಜೋತುಬಿದ್ದ ರಿಕಾಪು, ಸವಾರ ಕಾಲಿಡುವ ಕಬ್ಬಿಣದ ಬಳೆ. ಆ ಬಳೆಗೆ ಒಂದು ಚಪ್ಪಲಿಯನ್ನು ಪಟ್ಟಿಯಿಂದ ಸುತ್ತಿ ಸುತ್ತಿ ಬಿಗಿಯಲಾಗಿತ್ತು. ಚಪ್ಪಲಿಯ ಬಾರು ಹರಿದಿತ್ತು. ಅದರ ಅಡಿಗೆ ಟಯರಿನ ದಪ್ಪ ಅಟ್ಟೆಯಿತ್ತು.

ರೂಪೇಶ ಹಿಂದಕ್ಕೆ ಸರಿದು ಗಾಡಿಗೆ ತಾಗಿ ನಿಂತ. "ಕಿಶನಂದು."

"ಯಾರದ್ದೋ ನಂಗೆ ಗೊತ್ತಿರಲಿಲ್ಲ," ಎಂದ ಕುಪ್ಪ. "ಆದ್ರೆ ಕಟ್ಟಿದ್ದು ಅವನಲ್ಲ ಅಂತ ಗೊತ್ತು. ತನ್ನ ಕಾಲು ತಾನೇ ಕಟ್ಟಿಕೊಂಡವ ಬಕಲು ಕೈಗೆ ಸಿಗುವ ಹಾಗೆ ಹಾಕ್ತಾನೆ. ಇದು ಒಳಬದಿಗೆ, ಕುದುರೆಯ ಹೊಟ್ಟೆಗೆ ತಾಗಿ ಇತ್ತು. ಮೇಲೆ ಕೂತವನಿಗೆ ಎಟುಕುವಲ್ಲಿ ಅಲ್ಲ. ಬೇರೆ ಯಾರೋ ಅವನನ್ನ ಬಿಗಿದು ಕುದುರೆ ಓಡಿಸಿದ್ದಾರೆ. ಬಾರು ಹರಿದಲ್ಲಿ ಅವ ಬಿದ್ದಿದ್ದಾನೆ. ಎಲ್ಲಿ ಅಂತ ಇದಕ್ಕೇ ಗೊತ್ತು."

ಚಂದ್ರಿ ಸ್ಟೂಲಿನ ಪಕ್ಕ ಅಲುಗದೆ ನಿಂತಿತ್ತು.

"ನನ್ನ ಮೇಲೆ ಯಾಕೆ ಸಂಶಯ ಬಂತು ಮಾಮ? ವಿಡಿಯೊ ಒಂದಕ್ಕೇನಾ?"

"ಅಲ್ಲ. ಕಟ್ಟಿದ ಪಟ್ಟಿ ನಿಂದು. ಕೈಯಲ್ಲಿ ಮುಟ್ಟಿದ್ರೂ ಗೊತ್ತಾಗ್ತದೆ ನಂಗೆ. ಇದನ್ನ ಕಳಿಸುವ ದಿನ ನೀನೇ ನನ್ನ ಕೈಯಿಂದ ಇದರ ಕೊರಳಿಗೆ ಕಟ್ಟಿಸಿದ್ದೆ. ಅಂಥ ಪಟ್ಟಿ ಬೇರೆಯವರ ಹತ್ರ ಎಲ್ಲಿಂದ ಬರಬೇಕು? ಚಂದ್ರಿಯದ್ದೇ ಬಿಚ್ಚಿ ಕಟ್ಟಿದ್ದಾರೆ ಅಂತ ತಿಳಿದೆ."

ಪ್ರಗತಿ ಬಾಗಿ ನೋಡಿದಳು. ನೀಲಿ ಕ್ಯಾನ್ವಾಸು. ಅಂಚಿಗೆ ಅವಳದೇ ಪೇಜಿನ ಗುರುತು. ಆದರೆ ಚಂದ್ರಿಯ ಪಟ್ಟಿಯನ್ನು ಅವಳು ಬೆಳಿಗ್ಗೆಯಷ್ಟೇ ಸುಂಕಸಾಳದ ಕುದುರೆಯ ಕೊರಳಲ್ಲಿ ಮುಟ್ಟಿ ಬಂದಿದ್ದಳು.

"ಹೆಸರು ಓದಿಸಿದ್ರಾ?"

"ನನಗೆ ಕಣ್ಣಿಲ್ಲ, ಇವಳಿಗೆ ಅಕ್ಷರ ಇಲ್ಲ. ಇದನ್ನ ಹಿಡ್ಕೊಂಡು ಯಾರ ಹತ್ರ ಓದಿಸಲಿ?"

ಅವಳು ಬಕಲು ಮುಟ್ಟಲಿಲ್ಲ. ಹೆಸರಿದ್ದ ಭಾಗ ಒಳಮುಖವಾಗಿತ್ತು. ಒಣಕಡ್ಡಿಯೊಂದರಿಂದ ಅಂಚನ್ನು ಮೆಲ್ಲಗೆ ಎತ್ತಿ, ಇಳಿಬಿಸಿಲಿಗೆ ತಿರುಗಿಸಿ ಓದಿದಳು.

'ಮೋತಿ.'

ಬಿಳಿ ನೂಲು ಇನ್ನೂ ಬಿಳಿಯಾಗಿಯೇ ಇತ್ತು. ಕಳೆದ ಮಳೆಗಾಲದಿಂದ ಬೇಲೇಕೇರಿಯ ಮಣ್ಣಿನಡಿ ಇರಬೇಕಾಗಿದ್ದ ಪಟ್ಟಿಯ ಮೇಲೆ ಮಣ್ಣಿನ ಒಂದು ಕಲೆಯೂ ಇರಲಿಲ್ಲ.

"ಅದು ಸತ್ತ ಕುದುರೆ ಅಲ್ದಾ ಅಕ್ಕ?" ಎಂದ ರೂಪೇಶ. "ರೋಷನಂದು."

ಅವಳಿಗೆ ಆ ದಿನ ನೆನಪಾಯಿತು. ಜಿನುಗು ಮಳೆ. ರೋಷನ ಕೊಡೆ ಹಿಡಿದು ನಿಂತಿದ್ದ. ಅವಳು ಅಬ್ಬಲಿಗೆ ದಂಡೆ ಇಟ್ಟ ದಿಬ್ಬ ಉದ್ದಕ್ಕಿತ್ತು, ಒಂದು ಕುದುರೆಗೆ ಬೇಕಾದಷ್ಟು ಅಗಲವಿರಲಿಲ್ಲ, ಒಬ್ಬ ಮನುಷ್ಯನಿಗಾದರೆ ಸಾಕಿತ್ತು. ಆಗ ಅದು ಅವಳ ಕಣ್ಣಿಗೆ ಬಿದ್ದಿತ್ತು, ದುಃಖದಲ್ಲಿದ್ದವನನ್ನು ಕೇಳುವುದು ಹೇಗೆಂದು ಸುಮ್ಮನಾಗಿದ್ದಳು.

ಅವಳು ಗೋಣಿಯನ್ನು ಮೊದಲಿದ್ದ ಹಾಗೇ ಮುಚ್ಚಿದಳು. ಮಾದೇವಿಗೆ ತಟ್ಟಿ ಎತ್ತಿ ನಿಲ್ಲಿಸಲು ಕೈ ಕೊಟ್ಟಳು. ಆಮೇಲೆ ಫೋನು ತೆಗೆದು ಠಾಣೆಯ ನಂಬರು ಒತ್ತಿದಳು.

"ಸೋಮವಾರದವರೆಗೆ ಕಾಯೂದಿಲ್ಲ," ಎಂದಳು, ಅತ್ತ ಗಂಟೆ ಹೊಡೆಯುತ್ತಿದ್ದಾಗ. "ರೂಪೇಶ, ನಿನ್ನ ಗಾಡಿಲಿ ಗುದ್ದಲಿ ಅದೆಯಾ?"